ಉಪ್ಪು ತಿಂದವರು, ನೀರು ಕುಡಿದವರು

ಪ್ರತಿ ವರ್ಷ ಅಕ್ಟೋಬರ್ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜನ ಫೋನು ಬರುತ್ತದೆ. "ಇವತ್ತು ಅವಳನ್ನು ಮಲಗಿಸೋಣ ಅಂತಿದ್ದೇನೆ, ಪುರುಸೊತ್ತಿದೆಯಾ?" ಎಂದು ಕೇಳುತ್ತಾರೆ. ಅವಳು ಅಂದರೆ 1975ನೇ ಇಸವಿಯ ಒಂದು ಕಾರ್ವೆಟ್ ಕಾರು. ಕಡುಗೆಂಪು ಬಣ್ಣ, ಎರಡೇ ಸೀಟು, ಹಿಂದಕ್ಕೆ ಮಡಚಿಡಬಹುದಾದ ಬಟ್ಟೆಯ ಮಾಡು. ಮಾಡು ಮಡಚುವ ಕಾರ್ವೆಟ್ಟು ಅದೇ ವರ್ಷಕ್ಕೆ ನಿಂತುಹೋಗಿ, ಮತ್ತೆ ಬಂದದ್ದು 1986ರಲ್ಲಿ. ಹಾಗಾಗಿ ಅಜ್ಜನಿಗೆ ಅದರ ಮೇಲೆ ಸ್ವಲ್ಪ ಹೆಚ್ಚೇ ಅಭಿಮಾನ. ಮಿಷಿಗನ್ನಿನ ಈ ಊರಿನಲ್ಲಿ ಅದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಎಚ್ಚರವಾಗಿರುತ್ತದೆ. ಉಳಿದ ಐದು ತಿಂಗಳು ಗ್ಯಾರೇಜಿನಲ್ಲಿ ಮಲಗುತ್ತದೆ.

ಮೊದಲ ವರ್ಷ ನಾನು ಟಾರ್ಚು ಹಿಡಿದು ನಿಂತಿದ್ದೆ, ಅಷ್ಟೆ. ಆಮೇಲಾಮೇಲೆ ಸ್ಪ್ಯಾನರು ಕೊಡುವವನಾದೆ. ಈ ವರ್ಷ ಅಜ್ಜ ಮೂರು ಕಾಲಿನ ಸ್ಟೂಲಿನ ಮೇಲೆ ಕುಳಿತು ಹೇಳುತ್ತ ಹೋದರು, ಕೆಲಸವನ್ನೆಲ್ಲ ನಾನೇ ಮಾಡಿದೆ. ಅವರ ಕೈ ಈಗ ಒಂದು ನಟ್ಟನ್ನೂ ನೆಟ್ಟಗೆ ಹಿಡಿಯಲಾರದಷ್ಟು ನಡುಗುತ್ತದೆ.

ನನಗೆ ಕಾರುಗಳ ಹುಚ್ಚಿಲ್ಲ. ಈ ಕೆಲಸ ಹಿಡಿಸಿದ್ದಕ್ಕೆ ಕಾರಣ ಬೇರೆ. ನಾನು ಹುಟ್ಟಿ ಬೆಳೆದದ್ದು ಗೋಕರ್ಣದ ಸಮೀಪ, ಸಾಣಿಕಟ್ಟಾದ ಉಪ್ಪಿನ ಆಗರಗಳ ಬದಿಯಲ್ಲಿ. ಅಘನಾಶಿನಿಯ ಭರತದ ನೀರನ್ನು ಗದ್ದೆಗಳಿಗೆ ಹಾಯಿಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುವ ಜಾಗವದು. ಅಲ್ಲಿ ಮಳೆಗಾಲಕ್ಕೆ ಮುಂಚೆ ಎಲ್ಲವನ್ನೂ 'ಎತ್ತಿಡುವ' ಗಡಿಬಿಡಿ ಇರುತ್ತಿತ್ತು. ಆಗರಗಳ ಕೆಲಸ ನಿಲ್ಲುತ್ತಿತ್ತು. ದೋಣಿಗಳನ್ನು ದಂಡೆಗೆ ಎಳೆದು ತೆಂಗಿನ ಮಡಲು ಹೊದೆಸುತ್ತಿದ್ದರು. ಅಪ್ಪ ಸೈಕಲ್ಲಿನ ಚೈನಿಗೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಿದ್ದ, ಆದರೂ ಎರಡು ವರ್ಷದಲ್ಲಿ ರಿಮ್ಮು ತೂತಾಗುತ್ತಿತ್ತು. ಉಪ್ಪಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ ಎನ್ನುವುದನ್ನು ನಾನು ರಸಾಯನಶಾಸ್ತ್ರದ ಪುಸ್ತಕದಲ್ಲಿ ಓದಿ ತಿಳಿದವನಲ್ಲ. ಸಮುದ್ರದಿಂದ ಸಾವಿರ ಕಿಲೋಮೀಟರ್ ದೂರದ ಮಿಷಿಗನ್ನಿನಲ್ಲೂ ಜನ ಉಪ್ಪಿಗೆ ಹೆದರಿ ಕಾರು ಬಚ್ಚಿಡುತ್ತಾರೆ ಎಂದಾಗ ನನಗೆ ಆಶ್ಚರ್ಯವಾಯಿತು. ಆ ಆಶ್ಚರ್ಯದ ಬೆನ್ನು ಹತ್ತಿ ಓದಿದ್ದೇ ಈ ಬರಹ.

*

ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ.

ಕಾರನ್ನು ಮಲಗಿಸುವ ಮುನ್ನ ತೊಳೆಯಬೇಕು. ಮೇಲಿನ ಹೊಳಪಿಗಿಂತ ಮುಖ್ಯವಾದದ್ದು ಅಡಿಭಾಗ. ಚಕ್ರದ ಕಮಾನುಗಳಲ್ಲಿ ಕೂತ ಮಣ್ಣು ಐದು ತಿಂಗಳು ತೇವ ಹಿಡಿದಿಟ್ಟುಕೊಳ್ಳುತ್ತದೆ. ತೊಳೆದ ಮೇಲೆ ಮೇಣ ಹಚ್ಚಿ, ಪೆಟ್ರೋಲಿಗೆ ಸ್ಟೆಬಿಲೈಸರ್ ದ್ರವ ಬೆರೆಸಿ, ಟ್ಯಾಂಕು ತುಂಬಿಸಿ, ಒಂದು ಸುತ್ತು ಓಡಿಸಿ ಬರಬೇಕು. ಹಾಗೆ ಓಡಿಸಿದಾಗ ಬ್ರೇಕಿನ ಸಂದುಗಳ ನೀರು ಆರುತ್ತದೆ, ಬೆರೆಸಿದ ದ್ರವ ಕಾರ್ಬ್ಯುರೇಟರಿನವರೆಗೂ ತಲುಪುತ್ತದೆ. ಪೆಟ್ರೋಲು ಕೂಡ ಹಳಸುತ್ತದೆ. ಅದರ ಹಗುರ ಅಂಶಗಳು ಆವಿಯಾಗಿ, ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟು ಕಟ್ಟುತ್ತದೆ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟು ಎಥನಾಲ್ ಇರುವುದರಿಂದ ಅದು ಗಾಳಿಯ ತೇವವನ್ನೂ ಹೀರುತ್ತದೆ. ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆಯಿದ್ದಷ್ಟೂ ಒಳ್ಳೆಯದು.

ಎಂಜಿನ್ ಎಣ್ಣೆಯನ್ನು ಮಲಗಿಸುವ ಮೊದಲೇ ಬದಲಿಸಬೇಕು, ಎಬ್ಬಿಸಿದ ಮೇಲಲ್ಲ. ಹಳೆಯ ಎಣ್ಣೆಯಲ್ಲಿ ದಹನದಿಂದ ಬಂದ ಆಮ್ಲ ಮತ್ತು ನೀರು ಸೇರಿರುತ್ತವೆ. ಚಳಿಗಾಲವಿಡೀ ಅದರಲ್ಲಿ ನೆನೆದರೆ ಬೇರಿಂಗುಗಳ ಮೈ ಸವೆಯುತ್ತದೆ. ಟೈರಿಗೆ ಗಾಳಿ ಸ್ವಲ್ಪ ಹೆಚ್ಚು ತುಂಬಬೇಕು, ಇಲ್ಲವಾದರೆ ಒಂದೇ ಜಾಗದ ಮೇಲೆ ಭಾರ ಬಿದ್ದು ಅಲ್ಲಿ ಚಪ್ಪಟೆಯಾಗುತ್ತದೆ. ಕೈಬ್ರೇಕು ಹಾಕಿಡಬಾರದು, ಅದು ಹಾಗೆಯೇ ಅಂಟಿಕೊಳ್ಳುತ್ತದೆ. ಬದಲಿಗೆ ಚಕ್ರಕ್ಕೆ ಮರದ ಅಡ್ಡೆ ಕೊಡಬೇಕು.

ಬ್ಯಾಟರಿ ಈ ಕಾರಿನಲ್ಲಿ ಮುಂದುಗಡೆ ಇಲ್ಲ, ಸೀಟಿನ ಹಿಂದಿನ ಗೂಡಿನಲ್ಲಿದೆ. ಅದನ್ನು ಬಿಚ್ಚಿ ಚಾರ್ಜರಿಗೆ ಹಾಕಿಡಬೇಕು. ತುಂಬಿದ ಬ್ಯಾಟರಿಯೊಳಗಿನ ಆಮ್ಲ ಸೊನ್ನೆಗಿಂತ 60 ಡಿಗ್ರಿ ಕೆಳಗಿಳಿದರೂ ಹೆಪ್ಪುಗಟ್ಟದು. ಆದರೆ ಪೂರ್ತಿ ಖಾಲಿಯಾದ ಬ್ಯಾಟರಿಯಲ್ಲಿರುವುದು ಹೆಚ್ಚುಕಡಿಮೆ ನೀರೇ. ಅದು ಮಿಷಿಗನ್ನಿನ ಸಾಧಾರಣ ಚಳಿಗೇ ಗಡ್ಡೆಯಾಗಿ ಒಡೆಯುತ್ತದೆ.

ಕೊನೆಯದು ಇಲಿ. ಮಿಷಿಗನ್ನಿನ ಇಲಿಗೆ ಚಳಿಗಾಲದಲ್ಲಿ ಇಂಥ ಕಾರಿಗಿಂತ ಒಳ್ಳೆಯ ಮನೆಯಿಲ್ಲ. ಸೀಟಿನ ಹತ್ತಿಯೇ ಹಾಸಿಗೆ, ವೈರುಗಳೇ ಊಟ. ಹಾಗಾಗಿ ಹೊಗೆ ಕೊಳವೆಗಳ ಬಾಯಿಗೂ ಗಾಳಿ ಒಳಹೋಗುವ ದಾರಿಗೂ ಉಕ್ಕಿನ ನಾರು ತುರುಕಬೇಕು.

ಅಜ್ಜ ಸುಮ್ಮನೆ ಕುಳಿತು ನೋಡುವವರಲ್ಲ. ನಾನು ಎಣ್ಣೆ ಬಸಿಯುತ್ತಿದ್ದಾಗ, "ನಮ್ಮಪ್ಪ ಹೇಳುತ್ತಿದ್ದ. ಅವನ ಅಪ್ಪನ ಕಾಲದಲ್ಲಿ ಎಲ್ಲ ಕಾರುಗಳನ್ನೂ ಹೀಗೆಯೇ ಮಲಗಿಸುತ್ತಿದ್ದರಂತೆ" ಎಂದರು. ನಾನು ಅದನ್ನು ಮುದುಕರ ಮಾತೆಂದು ತಳ್ಳಿಹಾಕಬಹುದಿತ್ತು. ಆದರೆ ಆ ಮಾತು ಅಕ್ಷರಶಃ ನಿಜ.

*

ಕಾರು ಹುಟ್ಟಿದ ಮೊದಲ ಎರಡು ದಶಕಗಳಲ್ಲಿ ಅಮೆರಿಕದ ಉತ್ತರ ಭಾಗದಲ್ಲಿ ಅದು ಬೇಸಿಗೆಯ ವಾಹನವಾಗಿತ್ತು. ಅದಕ್ಕೆ ಕಾರಣ ಒಂದಲ್ಲ, ನಾಲ್ಕು.

ಮೊದಲನೆಯದು ರಸ್ತೆ. ಆಗ ಹಿಮವನ್ನು ಹೆಚ್ಚಿನ ಕಡೆ ರಸ್ತೆಯಿಂದ ತೆಗೆಯುತ್ತಿರಲಿಲ್ಲ. ಬದಲಿಗೆ ದೊಡ್ಡ ಮರದ ರೋಲರುಗಳನ್ನು ಕುದುರೆಗಳಿಂದ ಎಳೆಸಿ ಹಿಮವನ್ನು ಒತ್ತಿ ಗಟ್ಟಿ ಮಾಡುತ್ತಿದ್ದರು. ಚಳಿಗಾಲದ ಗಾಡಿಗೆ ಚಕ್ರವಿರಲಿಲ್ಲ, ಜಾರುವ ಹಲಗೆಯಿತ್ತು. ಜಾರುಗಾಡಿಯವನಿಗೆ ಹಿಮವೇ ರಸ್ತೆ. ಕಾರು ಬಂದ ಮೇಲೆ ಒಂದೇ ರಸ್ತೆಯ ಮೇಲೆ ಎರಡು ಬೇಡಿಕೆಗಳಾದವು: ಒಬ್ಬನಿಗೆ ಹಿಮ ಬೇಕು, ಇನ್ನೊಬ್ಬನಿಗೆ ಬೇಡ. ನ್ಯೂ ಹ್ಯಾಂಪ್‌ಶೈರಿನ ವರ್ಜಿಲ್ ವೈಟ್ ಎಂಬಾತ ಫೋರ್ಡ್ ಮಾಡೆಲ್ ಟಿ ಕಾರಿಗೆ ಮುಂದೆ ಜಾರುಹಲಗೆ, ಹಿಂದೆ ಪಟ್ಟಿ ಜೋಡಿಸುವ ವಿಧಾನಕ್ಕೆ 1917ರಲ್ಲಿ ಪೇಟೆಂಟ್ ಪಡೆದ. ಹಿಮಕ್ಕೆ ಹೊಂದಿಕೊಳ್ಳುವಂತೆ ಕಾರನ್ನೇ ಬದಲಿಸುವ ಪ್ರಯತ್ನವದು. ಆದರೆ ಕಾಲ ನಡೆದದ್ದು ಬೇರೆ ದಾರಿಯಲ್ಲಿ. ಕಾರು ಬದಲಾಗಲಿಲ್ಲ, ರಸ್ತೆಯನ್ನೇ ಬದಲಿಸಿದರು.

ಎರಡನೆಯದು ಚಾಲಕನ ಚಳಿ. ಜನರಲ್ ಮೋಟರ್ಸಿನ ಮುಖ್ಯಸ್ಥನಾಗಿದ್ದ ಆಲ್ಫ್ರೆಡ್ ಸ್ಲೋನ್ ತನ್ನ ಆತ್ಮಕಥನದಲ್ಲಿ ಕೊಡುವ ಲೆಕ್ಕ ಹೀಗಿದೆ: 1919ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಗಟ್ಟಿ ಮಾಡು, ಗಾಜಿನ ಕಿಟಕಿ ಇದ್ದವು ಶೇಕಡಾ 10 ಮಾತ್ರ. 1927ರ ಹೊತ್ತಿಗೆ ಅವು ಶೇಕಡಾ 85 ಆದವು. ಎಂಟೇ ವರ್ಷಗಳಲ್ಲಿ ಕಾರೆಂಬುದು ಮಾಡಿಲ್ಲದ ಗಾಡಿಯಿಂದ ಓಡುವ ಕೋಣೆಯಾಯಿತು.

ಮೂರನೆಯದು ಎಂಜಿನ್ ಚಾಲೂ ಮಾಡುವ ಕಷ್ಟ. ಕೈಯಿಂದ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಬೇಕಿದ್ದ ಕಾಲದಲ್ಲಿ, ಚಳಿಗೆ ಎಣ್ಣೆ ಜೇನಿನಂತೆ ಗಟ್ಟಿಯಾದರೆ ತೋಳೇ ಮುರಿಯುವ ಅಪಾಯ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್‌ನಲ್ಲಿ ಬಂತು. ಅದರಿಂದ ತೋಳು ಉಳಿಯಿತು, ಆದರೆ ಬ್ಯಾಟರಿಯ ಚಿಂತೆ ಶುರುವಾಯಿತು. ಚಳಿಗಾಲಕ್ಕೆ ಗಿರಾಕಿಗಳ ಬ್ಯಾಟರಿಗಳನ್ನು ತಂದಿಟ್ಟುಕೊಂಡು ನೋಡಿಕೊಳ್ಳುವುದೇ ಬ್ಯಾಟರಿ ಅಂಗಡಿಗಳಿಗೆ ಒಂದು ವ್ಯಾಪಾರವಾಯಿತು.

ನಾಲ್ಕನೆಯದು ನೀರು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಎರಕದ ಕಬ್ಬಿಣದ ಎಂಜಿನ್ ಕೂಡ ಸೀಳುತ್ತದೆ. ಚಳಿಯಲ್ಲಿ ಕಾರು ಓಡಿಸುವವರು ರಾತ್ರಿ ರೇಡಿಯೇಟರಿನ ನೀರು ಬಸಿದು, ಬೆಳಿಗ್ಗೆ ಬಿಸಿನೀರು ಹೊಯ್ಯುತ್ತಿದ್ದರು. ನೀರಿಗೆ ಆಲ್ಕೋಹಾಲ್ ಬೆರೆಸಿದರೆ ಎಂಜಿನ್ ಕಾದಾಗ ಅದು ಆವಿಯಾಗಿ ಹೋಗುತ್ತಿತ್ತು. ಗ್ಲಿಸರಿನ್, ಜೇನುತುಪ್ಪ ಎಲ್ಲವನ್ನೂ ಪರೀಕ್ಷಿಸಿದ್ದಾಯಿತು. ಕೆಲವರು ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣದ ದ್ರಾವಣ ತುಂಬಿದರು. ಅದು ಹೆಪ್ಪುಗಟ್ಟಲಿಲ್ಲ ನಿಜ, ಆದರೆ ರೇಡಿಯೇಟರನ್ನೇ ಒಳಗಿನಿಂದ ತಿಂದುಹಾಕಿತು. ಕಾರಿನ ಚರಿತ್ರೆಯಲ್ಲಿ ಚಳಿ ಗೆಲ್ಲಲು ಉಪ್ಪನ್ನು ಕರೆದು ಕಬ್ಬಿಣ ಕಳೆದುಕೊಂಡ ಕಥೆ ಹೀಗೆ ಒಳಗಡೆಯಿಂದಲೇ ಮೊದಲಾಗಿತ್ತು. ಕೊನೆಗೆ ಸಿಕ್ಕಿದ್ದು ಎಥಿಲೀನ್ ಗ್ಲೈಕಾಲ್. ಫ್ರಾನ್ಸಿನ ರಸಾಯನ ವಿಜ್ಞಾನಿ ವರ್ಟ್ಸ್ 19ನೇ ಶತಮಾನದ ನಡುವಿನಲ್ಲೇ ತಯಾರಿಸಿದ್ದ ಈ ದ್ರವ 1927ರಲ್ಲಿ ಪ್ರೆಸ್ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನೀರಿಗೆ ಸಮಪಾಲು ಬೆರೆಸಿದರೆ ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದು.

ಈ ನಾಲ್ಕೂ ಅಡ್ಡಿಗಳಿದ್ದ ಕಾಲದಲ್ಲಿ ಕಾರನ್ನು ಕೊಟ್ಟಿಗೆಗೆ ನೂಕಿ, ಮರದ ತುಂಡುಗಳ ಮೇಲೆ ಎತ್ತಿ ನಿಲ್ಲಿಸಿ, ನೀರು ಬಸಿದು, ಟೈರು ಬಿಚ್ಚಿ ಕತ್ತಲ ತಂಪು ಕೋಣೆಯಲ್ಲಿಡುತ್ತಿದ್ದರು. ಅಡ್ಡಿಗಳು ಒಂದೊಂದಾಗಿ ಸರಿದ ಮೇಲೆ ಮನೆಮಂದಿಯ ಕಾರು ಚಳಿಗಾಲದಲ್ಲೂ ಹೊರಬಿತ್ತು. ಅಲ್ಲಿಂದ ಮುಂದೆ ಮಲಗುವ ಅಭ್ಯಾಸ ಉಳಿದದ್ದು ಮುಖ್ಯವಾಗಿ ಮಾಡಿಲ್ಲದ, ಚಳಿ ತಡೆಯದ, ಅಗತ್ಯಕ್ಕಿಂತ ಪ್ರೀತಿಗಾಗಿ ಇಟ್ಟುಕೊಂಡ ಸ್ಪೋರ್ಟ್ಸ್ ಕಾರುಗಳಿಗೆ. ಎಲ್ಲ ಕಾರುಗಳ ಹಣೆಬರಹವಾಗಿದ್ದದ್ದು ಕೆಲವೇ ಕಾರುಗಳ ಸೌಭಾಗ್ಯವಾಯಿತು.

ನಡುವೆ ಒಮ್ಮೆ ಇಡೀ ಒಂದು ದೇಶದ ಕಾರುಗಳು ಮಲಗಿದ್ದುಂಟು. ಎರಡನೆಯ ಮಹಾಯುದ್ಧದಲ್ಲಿ, 1942ರ ಜುಲೈನಿಂದ, ಬ್ರಿಟನ್ನಿನಲ್ಲಿ ಖಾಸಗಿ ಓಡಾಟಕ್ಕೆ ಕೊಡುತ್ತಿದ್ದ ಪೆಟ್ರೋಲಿನ ಮೂಲ ಪಡಿತರವನ್ನೇ ನಿಲ್ಲಿಸಿದರು. ಅದು ಮರಳಿದ್ದು 1945ರ ಜೂನ್‌ನಲ್ಲಿ. ಮೂರು ವರ್ಷಗಳ ಆ ಉದ್ದನೆಯ ಚಳಿಗಾಲ ಮುಗಿದ ಮೇಲೆ, ಬ್ರಿಟನ್ನಿನಲ್ಲಿದ್ದ ಅಮೆರಿಕನ್ ಸೈನಿಕರು ಅಲ್ಲಿನ ಪುಟ್ಟ ಎಂಜಿ ಕಾರುಗಳ ರುಚಿ ಹತ್ತಿಸಿಕೊಂಡು ಊರಿಗೆ ಮರಳಿದರು. ಆ ರುಚಿಗೆ ಅಮೆರಿಕದ ಕಂಪನಿಗಳು ಉತ್ತರ ಹುಡುಕಬೇಕಾಯಿತು. ಶೆವರ್ಲೆಯ ಉತ್ತರವೇ ಕಾರ್ವೆಟ್.

*

ಕಾರ್ವೆಟ್ ಮೊದಲು ಕಾಣಿಸಿಕೊಂಡದ್ದು 1953ರ ಜನವರಿಯಲ್ಲಿ, ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಪ್ರದರ್ಶನದಲ್ಲಿ. ವಿನ್ಯಾಸ ವಿಭಾಗದ ಹಾರ್ಲೆ ಅರ್ಲ್‌ನ ಕನಸು ಅದು. ಅದೇ ವರ್ಷ ಜೂನ್ 30ರಂದು ಮಿಷಿಗನ್ನಿನ ಫ್ಲಿಂಟ್ ನಗರದಲ್ಲಿ ಮೊದಲ ಕಾರು ತಯಾರಾಗಿ ಹೊರಬಂತು. ಆ ವರ್ಷ ತಯಾರಾದವು 300 ಮಾತ್ರ. ಎಲ್ಲವೂ ಬಿಳಿ, ಒಳಗೆ ಕೆಂಪು. ಬಾಗಿಲಿಗೆ ಹೊರಗಡೆ ಹಿಡಿಕೆಯಿಲ್ಲ, ಏರಿಸಿ ಇಳಿಸುವ ಕಿಟಕಿಯಿಲ್ಲ. ಮಳೆ ಬಂದರೆ ಸಿಕ್ಕಿಸಿಕೊಳ್ಳುವ ಪಾರದರ್ಶಕ ಪರದೆಗಳು. ವರ್ಷಕ್ಕೆ ನಾಲ್ಕು ತಿಂಗಳು ಹಿಮ ಬೀಳುವ ಊರಿನಲ್ಲಿ ಹುಟ್ಟಿದ ಬೇಸಿಗೆಯ ಮಗು.

ಅದರ ದೊಡ್ಡ ವಿಶೇಷ ಮೈ. ಉಕ್ಕಿನ ತಗಡಿನ ಬದಲು ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಮೈ. ಫೈಬರ್‌ಗ್ಲಾಸ್ ತುಕ್ಕು ಹಿಡಿಯುವುದಿಲ್ಲ. ಹಾಗಿದ್ದರೆ ಅಜ್ಜನ ಕಾರ್ವೆಟ್ಟಿಗೇಕೆ ಉಪ್ಪಿನ ಹೆದರಿಕೆ? ನಾನೂ ಇದನ್ನೇ ಕೇಳಿದ್ದೆ. ಅವರು ಮುಂಗಾಜಿನ ಚೌಕಟ್ಟನ್ನು ಬೆರಳಿನಿಂದ ಕುಟ್ಟಿ ತೋರಿಸಿದರು. ಮೈ ಗಾಜಿನದಾದರೂ ಎಲುಬು ಉಕ್ಕಿನದು. ಕೆಳಗೆ ಉಕ್ಕಿನ ಚಾಸಿ, ಮುಂಗಾಜು ಮತ್ತು ಬಾಗಿಲುಗಳ ಸುತ್ತ ಉಕ್ಕಿನ ಪಂಜರ. ಅದಕ್ಕೆ ಈ ಕಾರಿನ ಹವ್ಯಾಸಿಗಳು 'ಹಕ್ಕಿಯ ಪಂಜರ' ಎನ್ನುತ್ತಾರೆ. ಉಪ್ಪುನೀರು ಸಂದಿನಿಂದ ಇಳಿದು ಆ ಪಂಜರವನ್ನು ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಂದು ಗುಳ್ಳೆಯೂ ಕಾಣದು. ಉಕ್ಕಿನ ಮೈಯ ಕಾರಾದರೆ ತುಕ್ಕು ಮುಖಕ್ಕೇ ಬಂದು ದೂರು ಕೊಡುತ್ತದೆ. ಇದರಲ್ಲಿ ಗೊತ್ತಾಗುವ ಹೊತ್ತಿಗೆ ಹೊತ್ತು ಮೀರಿರುತ್ತದೆ.

ಹಾಗಾದರೆ ಸಮುದ್ರವಿಲ್ಲದ ಈ ಸೀಮೆಯಲ್ಲಿ ಉಪ್ಪು ಬಂದದ್ದೆಲ್ಲಿಂದ? ಕಾಲ ಕೆಳಗಿನಿಂದ. ಸುಮಾರು 40 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದು ಆರಿ ಉಳಿದ ಉಪ್ಪಿನ ಪದರ ಡೆಟ್ರಾಯಿಟ್ ನಗರದ ಅಡಿಯಲ್ಲಿ, ನೆಲದಿಂದ ಸುಮಾರು 350 ಮೀಟರ್ ಆಳದಲ್ಲಿದೆ. ಒಂದು ಲೆಕ್ಕದಲ್ಲಿ ಅದು ಭೂಮಿಯೇ ಮಾಡಿಟ್ಟ ಸಾಣಿಕಟ್ಟಾ. 1910ರ ಹೊತ್ತಿಗೆ ಅಲ್ಲಿಗೆ ಬಾವಿ ಇಳಿಸಿ ಗಣಿ ತೆರೆದರು. ಗಣಿಯ ಬಾಯಿ ಕಿರಿದಾದ್ದರಿಂದ ಯಂತ್ರಗಳನ್ನು ತುಂಡು ತುಂಡಾಗಿ ಇಳಿಸಿ ಕೆಳಗೆ ಜೋಡಿಸಬೇಕು. ಮೇಲೆ ಜಗತ್ತಿಗೆಲ್ಲ ಕಾರು ಮಾಡುವ ನಗರ, ಕೆಳಗೆ ಆ ಕಾರುಗಳನ್ನು ತಿನ್ನುವ ಉಪ್ಪು.

ಆ ಉಪ್ಪು ಮೊದಲಿಗೆ ರಸ್ತೆಗೆ ಬಂದಿರಲಿಲ್ಲ. ರಸ್ತೆಯ ಮಂಜುಗಡ್ಡೆಯ ಮೇಲೆ ಮರಳು, ಬೂದಿ ಎರಚುತ್ತಿದ್ದರು. 1941-42ರ ಚಳಿಗಾಲದಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ರಸ್ತೆಗಳಿಗೆ ವ್ಯಾಪಕವಾಗಿ ಉಪ್ಪು ಹಾಕುವ ನೀತಿಯನ್ನು ಮೊದಲಿಗೆ ತಂದಿತು. ಆ ವರ್ಷ ಇಡೀ ಅಮೆರಿಕದ ಹೆದ್ದಾರಿಗಳಿಗೆ ಬಿದ್ದದ್ದು ಸುಮಾರು 5,000 ಟನ್ ಉಪ್ಪು. ಯುದ್ಧದ ನಂತರ ಊರು ಹಿಗ್ಗಿ, ಜನ ದೂರದ ಬಡಾವಣೆಗಳಿಂದ ಕೆಲಸಕ್ಕೆ ಕಾರಿನಲ್ಲೇ ಬರುವಂತಾಯಿತು. 1956ರ ಕಾಯ್ದೆಯಿಂದ ರಾಜ್ಯ ರಾಜ್ಯಗಳನ್ನು ಬೆಸೆಯುವ ಹೆದ್ದಾರಿಗಳು ಬಂದವು. ಹಿಮ ಬಿದ್ದ ಕೆಲವೇ ಗಂಟೆಗಳಲ್ಲಿ ಕಪ್ಪು ಡಾಂಬರು ಕಾಣಬೇಕು ಎನ್ನುವುದು ಜನರ ಹಕ್ಕಿನಂತಾಯಿತು. ಈಗ ಅಲ್ಲಿ ವರ್ಷಕ್ಕೆ ರಸ್ತೆಗೆ ಸುರಿಯುವ ಉಪ್ಪಿನ ಲೆಕ್ಕ ಕೋಟಿ ಟನ್ನುಗಳಲ್ಲಿದೆ.

ಉಪ್ಪನ್ನು ಖಳನಾಯಕ ಮಾಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಮಂಜುಗಟ್ಟಿದ ರಾತ್ರಿಯಲ್ಲಿ ಆಂಬುಲೆನ್ಸು ಆಸ್ಪತ್ರೆ ಸೇರುವುದು, ಶಾಲೆಯ ಬಸ್ಸು ಹಳ್ಳಕ್ಕೆ ಬೀಳದೆ ಬರುವುದು ಅದರಿಂದಲೇ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟದು. ಹದವಾಗಿ ಬೆರೆತರೆ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಇರುತ್ತದೆ. ಅದರ ಉಪಕಾರವೂ ಅದೇ, ಅಪಕಾರವೂ ಅದೇ. ತುಕ್ಕು ಎಂದರೆ ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ನೀರು-ಆಮ್ಲಜನಕಕ್ಕೆ ಬಿಟ್ಟುಕೊಡುವ ವ್ಯವಹಾರ. ಒಣ ಚಳಿಯಲ್ಲಿ ಆ ವ್ಯವಹಾರ ನಿಧಾನ. ಉಪ್ಪುನೀರು ಹೆಪ್ಪುಗಟ್ಟದೆ ಲೋಹವನ್ನು ಸದಾ ಒದ್ದೆಯಾಗಿಡುತ್ತದೆ, ವಿದ್ಯುತ್ ಚೆನ್ನಾಗಿ ಹರಿಯುವಂತೆಯೂ ಮಾಡುತ್ತದೆ. ಉಪ್ಪು ಮೆತ್ತಿದ ಕಾರನ್ನು ಬೆಚ್ಚನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ತುಕ್ಕು ಇನ್ನೂ ಬೇಗ. ಪ್ರೀತಿಯಿಂದ ಒಳಗೆ ಕರೆದುಕೊಂಡದ್ದೇ ಮುಳುವಾಗುತ್ತದೆ.

ಕಾರು ತಯಾರಕರೂ ಸುಮ್ಮನೆ ಕೂರಲಿಲ್ಲ. ಜರ್ಮನಿಯ ಪೋರ್ಷೆ ಕಂಪನಿ 70ರ ದಶಕದ ನಡುವಿನಲ್ಲಿ 911 ಕಾರಿನ ಮೈಗೆ ಸತುವಿನ ಲೇಪ ಕೊಟ್ಟು, ತುಕ್ಕಿನಿಂದ ತೂತು ಬೀಳುವುದಿಲ್ಲವೆಂದು ಆರು ವರ್ಷಗಳ ಖಾತರಿ ಕೊಟ್ಟಿತು. ಸರ್ಕಾರವೂ ಈ ನಿದ್ರೆಯನ್ನು ಒಪ್ಪಿಕೊಂಡ ಉದಾಹರಣೆ ಅದೇ ದೇಶದಲ್ಲಿದೆ. 1997ರ ಮಾರ್ಚ್‌ನಿಂದ ಜರ್ಮನಿಯಲ್ಲಿ 'ಋತುಮಾನದ ನಂಬರ್ ಪ್ಲೇಟು' ಇದೆ. ಪ್ಲೇಟಿನ ಬಲತುದಿಯಲ್ಲಿ 04 ಮತ್ತು 10 ಎಂದಿದ್ದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಆ ಕಾರು ರಸ್ತೆಗಿಳಿಯಬಹುದು. ತೆರಿಗೆಯೂ ಅಷ್ಟೇ ತಿಂಗಳಿಗೆ. ಉಳಿದ ಕಾಲದಲ್ಲಿ ಸಾರ್ವಜನಿಕ ರಸ್ತೆಯಲ್ಲಿ ಅದನ್ನು ನಿಲ್ಲಿಸುವಂತೆಯೂ ಇಲ್ಲ.

*

ಇಷ್ಟೇ ಆಗಿದ್ದರೆ ಇದು ಒಂದು ಹವ್ಯಾಸದ ಚರಿತ್ರೆಯಾಗಿ ಮುಗಿಯುತ್ತಿತ್ತು. ಆದರೆ ರಸ್ತೆಗೆ ಬಿದ್ದ ಉಪ್ಪು ಹಿಮ ಕರಗಿದ ಮೇಲೆ ಎಲ್ಲಿಗೆ ಹೋಗುತ್ತದೆ? ಚರಂಡಿಗೆ, ಹೊಳೆಗೆ, ಕೆರೆಗೆ. ಉಪ್ಪಿನೊಳಗಿನ ಕ್ಲೋರೈಡ್ ಕೊಳೆಯುವುದಿಲ್ಲ, ಸಾಧಾರಣ ಶುದ್ಧೀಕರಣದಲ್ಲಿ ಸೋಸಿಯೂ ಹೋಗುವುದಿಲ್ಲ.

ಕಾರ್ವೆಟ್ ಹುಟ್ಟಿದ ಫ್ಲಿಂಟ್ ನಗರಕ್ಕೆ ಮರಳೋಣ. ಜನರಲ್ ಮೋಟರ್ಸ್ ಸಂಸ್ಥೆ 1908ರಲ್ಲಿ ಸ್ಥಾಪನೆಯಾದದ್ದು ಅಲ್ಲೇ. 1936ರ ಡಿಸೆಂಬರಿನಿಂದ 1937ರ ಫೆಬ್ರವರಿಯವರೆಗೆ, ಕೊರೆಯುವ ಚಳಿಯಲ್ಲಿ, ಕಾರ್ಮಿಕರು ಕಾರ್ಖಾನೆಯೊಳಗೇ ಕುಳಿತು ಮುಷ್ಕರ ಮಾಡಿ ತಮ್ಮ ಸಂಘಕ್ಕೆ ಮಾನ್ಯತೆ ಪಡೆದದ್ದೂ ಅಲ್ಲೇ. 1960ರಲ್ಲಿ ಅಲ್ಲಿ ಸುಮಾರು ಎರಡು ಲಕ್ಷ ಜನರಿದ್ದರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, 2010ರ ಹೊತ್ತಿಗೆ ಒಂದು ಲಕ್ಷ ಉಳಿದರು. ಬೊಕ್ಕಸ ಬರಿದಾಯಿತು. ರಾಜ್ಯ ಸರ್ಕಾರ ನೇಮಿಸಿದ ತುರ್ತು ಆಡಳಿತಾಧಿಕಾರಿಗಳ ಕೈಗೆ ನಗರ ಹೋಯಿತು.

2014ರ ಏಪ್ರಿಲ್ 25ರಂದು, ಖರ್ಚು ಉಳಿಸುವುದಕ್ಕಾಗಿ, ಡೆಟ್ರಾಯಿಟ್ ಮೂಲಕ ಬರುತ್ತಿದ್ದ ಹ್ಯೂರಾನ್ ಸರೋವರದ ನೀರನ್ನು ನಿಲ್ಲಿಸಿ ಫ್ಲಿಂಟ್ ಹೊಳೆಯ ನೀರನ್ನು ನಲ್ಲಿಗಳಿಗೆ ತಿರುಗಿಸಿದರು. ಹೊಳೆಯ ನೀರಿನಲ್ಲಿ ಕ್ಲೋರೈಡ್ ಸರೋವರದ ನೀರಿಗಿಂತ ಬಹಳ ಹೆಚ್ಚಿತ್ತು. ಅದಕ್ಕೆ ದಶಕಗಳ ರಸ್ತೆ ಉಪ್ಪೂ ಒಂದು ಕಾರಣ. ಶುದ್ಧೀಕರಣಕ್ಕೆ ಬಳಸಿದ ಫೆರಿಕ್ ಕ್ಲೋರೈಡ್ ಅದನ್ನು ಇನ್ನಷ್ಟು ಹೆಚ್ಚಿಸಿತು. ಕೊಳವೆಗಳ ಒಳಮೈ ಕರಗದಂತೆ ಕಾಪಾಡುವ ಫಾಸ್ಫೇಟನ್ನು ಬೆರೆಸಲೇ ಇಲ್ಲ. ಹಳೆಯ ಮನೆಗಳಿಗೆ ಹೋಗುವ ಕೊಳವೆಗಳಲ್ಲಿ ಎಷ್ಟೋ ಸೀಸದವು.

ನೀರು ಕಂದು ಬಣ್ಣಕ್ಕೆ ತಿರುಗಿತು, ವಾಸನೆ ಹೊಡೆಯಿತು. ಜನ ಬಾಟಲಿಗಳಲ್ಲಿ ತುಂಬಿ ತಂದು ಸಭೆಗಳಲ್ಲಿ ತೋರಿಸಿದರು. ಅಧಿಕಾರಿಗಳು ನೀರು ಚೆನ್ನಾಗಿದೆಯೆಂದರು. ಅದರ ನಡುವೆ, 2014ರ ಅಕ್ಟೋಬರಿನಲ್ಲಿ, ಫ್ಲಿಂಟಿನ ಜನರಲ್ ಮೋಟರ್ಸ್ ಎಂಜಿನ್ ಕಾರ್ಖಾನೆ ಆ ನೀರನ್ನು ಬಳಸುವುದನ್ನು ನಿಲ್ಲಿಸಿತು. ಕ್ಲೋರೈಡ್ ಹೆಚ್ಚಾಗಿ ಎಂಜಿನಿನ ಬಿಡಿಭಾಗಗಳು ತುಕ್ಕು ಹಿಡಿಯುತ್ತಿವೆ ಎನ್ನುವುದು ಅದು ಕೊಟ್ಟ ಕಾರಣ. ಕಾರ್ಖಾನೆಗೆ ಮತ್ತೆ ಸರೋವರದ ನೀರು ಬಂತು. ಊರಿನ ಜನ ಇನ್ನೂ ಒಂದು ವರ್ಷ ಹೊಳೆಯ ನೀರನ್ನೇ ಕುಡಿದರು.

2015ರಲ್ಲಿ ವರ್ಜೀನಿಯಾ ಟೆಕ್‌ನ ಮಾರ್ಕ್ ಎಡ್ವರ್ಡ್ಸ್ ಅವರ ತಂಡ ಮನೆಗಳ ನೀರಿನಲ್ಲಿ ಸೀಸವಿರುವುದನ್ನು ತೋರಿಸಿತು. ಸೆಪ್ಟೆಂಬರಿನಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಶಾ ಊರಿನ ಮಕ್ಕಳ ರಕ್ತದಲ್ಲಿ ಸೀಸ ಏರಿದ್ದನ್ನು ಅಂಕಿಅಂಶಗಳ ಸಮೇತ ಜನರ ಮುಂದಿಟ್ಟರು. ಅಕ್ಟೋಬರ್ 16ರಂದು ಊರಿಗೆ ಮತ್ತೆ ಸರೋವರದ ನೀರು ಬಂತು. ಅಷ್ಟರಲ್ಲಿ ಲೀಜನೇರ್ಸ್ ಎಂಬ ನ್ಯುಮೋನಿಯಾದಿಂದ ಹನ್ನೆರಡು ಮಂದಿಯಾದರೂ ಸತ್ತಿದ್ದರು. ಮಕ್ಕಳ ಮೈ ಸೇರಿದ ಸೀಸ ಮಾಡುವ ಹಾನಿಯನ್ನು ಅಳಿಸಿಹಾಕುವ ಉಪಾಯ ಯಾರಲ್ಲೂ ಇರಲಿಲ್ಲ.

'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಎನ್ನುವ ಗಾದೆಯನ್ನು ನಮ್ಮೂರಲ್ಲಿ ಮಾತುಮಾತಿಗೆ ಬಳಸುತ್ತಾರೆ. ಆಗರದಲ್ಲಿ ದುಡಿಯುವವರ ನಡುವೆ ಬೆಳೆದ ನನಗೆ ಅದರ ನ್ಯಾಯ ಸಹಜವಾಗಿ ಕಂಡಿತ್ತು: ಮಾಡಿದವನೇ ಉಣ್ಣುತ್ತಾನೆ. ಫ್ಲಿಂಟಿನ ಕಥೆ ಓದಿದ ಮೇಲೆ ಆ ಗಾದೆಯನ್ನು ಮೊದಲಿನಂತೆ ಹೇಳಲಾಗುತ್ತಿಲ್ಲ. ಉಪ್ಪು ಹಾಕಿಸಿಕೊಂಡದ್ದು ನಾವೆಲ್ಲ, ಹೊಳೆಯ ದಂಡೆಯ ರಸ್ತೆಗಳಲ್ಲಿ ಓಡಾಡಿದವರೆಲ್ಲ. ತೀರ್ಮಾನ ಮಾಡಿದವರು ಬೇರೆ ಊರಿನಲ್ಲಿ ಕುಳಿತವರು. ನೀರು ಕುಡಿದವರು ಮಾತ್ರ ಬಿಟ್ಟು ಹೋಗಲು ಎಲ್ಲೂ ದಾರಿಯಿಲ್ಲದವರು. ತಿಂದವರೂ ಕುಡಿದವರೂ ಒಬ್ಬರೇ ಆಗಿರಲಿಲ್ಲ.

ಅಜ್ಜ ಹುಟ್ಟಿದ್ದು ಫ್ಲಿಂಟಿನಲ್ಲೇ. ತಂಗಿ ಇನ್ನೂ ಅಲ್ಲಿದ್ದಾಳೆ. ಗ್ಯಾರೇಜಿನ ಮೂಲೆಯಲ್ಲಿ ನೀರಿನ ಬಾಟಲಿಗಳ ಹಳೆಯ ರಟ್ಟಿನ ಪೆಟ್ಟಿಗೆಗಳಿವೆ, ಈಗ ಅವುಗಳಲ್ಲಿ ಸ್ಪ್ಯಾನರುಗಳು. ಆ ವಿಷಯ ಅವರು ಹೆಚ್ಚು ಮಾತಾಡುವುದಿಲ್ಲ. ಈ ವರ್ಷ ನಾನೇ ಕೆದಕಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಎಂಜಿನ್ನಿಗೆ ತುಕ್ಕು ಹಿಡಿದರೆ ಅದು ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಅದಕ್ಕೇ ಬೇಗ ಗೊತ್ತಾಯಿತು." ಅಷ್ಟು ಹೇಳಿ, "ಹಿಂದಿನ ಎಡಗಡೆ ಚಕ್ರಕ್ಕೆ ಅಡ್ಡೆ ಸರಿಯಾಗಿ ಕೂತಿಲ್ಲ ನೋಡು" ಎಂದರು.

ನಾನು ಅಡ್ಡೆ ಸರಿಪಡಿಸಿದೆ. ಒಂದು ಯೋಚನೆ ಮಾತ್ರ ತಲೆಯಿಂದ ಹೋಗಲಿಲ್ಲ. ಒಂದು ಕಾರನ್ನು ಐದು ತಿಂಗಳು ಕಾಪಾಡಲು ಎಷ್ಟೊಂದು ತಿಳಿವಳಿಕೆ ಬೇಕು! ಯಾವ ದ್ರವ ಯಾವ ಲೋಹವನ್ನು ತಿನ್ನುತ್ತದೆ, ಎಲ್ಲಿ ತೇವ ನಿಲ್ಲುತ್ತದೆ, ಹೊರಗೆ ಕಾಣದ ಎಲುಬು ಯಾವಾಗ ಸವೆಯುತ್ತದೆ, ಎಲ್ಲವೂ ಈ ಅಜ್ಜನಿಗೆ ಗೊತ್ತು. ಕೊಳವೆಯ ಒಳಮೈಗೆ ಫಾಸ್ಫೇಟಿನ ಲೇಪ ಬೇಕೆನ್ನುವುದೂ ಅಂಥದ್ದೇ ತಿಳಿವಳಿಕೆ, ಅದೂ ಹೊಸದೇನಲ್ಲ. ತಿಳಿವಳಿಕೆ ಇರಲಿಲ್ಲವೆಂದು ಹೇಳುವಂತಿಲ್ಲ. ಮುಂಜಾಗ್ರತೆ ಎನ್ನುವುದು ನಾವು ಯಾವುದನ್ನು ನಮ್ಮದೆಂದುಕೊಂಡಿದ್ದೇವೋ ಅದರ ಸುತ್ತಲೇ ಸುತ್ತುತ್ತದೆ.

*

ಹೊದಿಕೆ ಹಾಕುವುದಕ್ಕೆ ಮುಂಚೆ ಒಂದು ಕೊನೆಯ ಕೆಲಸವಿದೆ. ಏನೇನು ಮಾಡಿದ್ದೇವೆಂದು ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗಿಗೆ ಕಟ್ಟಬೇಕು. ವಸಂತದ ಮೊದಲ ಬಿಸಿಲಿಗೆ ಹುರುಪಿನಿಂದ ಬಂದವನು ಹೊಗೆ ಕೊಳವೆಯ ಉಕ್ಕಿನ ನಾರನ್ನು ಮರೆತು ಎಂಜಿನ್ ಚಾಲೂ ಮಾಡಬಾರದಲ್ಲ. ಅಜ್ಜನ ಹಳೆಯ ಚೀಟಿಗಳೆಲ್ಲ ಒಂದು ಡಬ್ಬಿಯಲ್ಲಿವೆ, ವರ್ಷಕ್ಕೊಂದರಂತೆ. ಮೊದಮೊದಲಿನವು ಅಚ್ಚಿನಂಥ ಅಕ್ಷರ, ಕೊನೆಕೊನೆಯವು ನಡುಗುವ ಗೆರೆಗಳು.

ಈ ಸಲ ಪೆನ್ನು ನನ್ನ ಕೈಗೆ ಕೊಟ್ಟರು. ನಾನು ಇಂಗ್ಲಿಷಿನಲ್ಲಿ ಬರೆಯಲು ಶುರುಮಾಡಿದ್ದನ್ನು ನೋಡಿ, "ನಿನ್ನ ಭಾಷೆಯಲ್ಲೇ ಬರಿ" ಎಂದರು. ಯಾಕೆಂದು ಮುಖ ನೋಡಿದೆ. "ಏಪ್ರಿಲ್‌ನಲ್ಲಿ ಓದುವವನು ನೀನೇ ತಾನೆ" ಎಂದು ಹೊದಿಕೆಯ ಒಂದು ತುದಿ ಹಿಡಿದರು.

ಬರೆದೆ. ಎರಡೂ ಕೊಳವೆಗಳಲ್ಲಿ ಉಕ್ಕಿನ ನಾರಿದೆ, ಮೊದಲು ತೆಗೆ. ಬ್ಯಾಟರಿ ಒಳಗಿನ ಕಪಾಟಿನಲ್ಲಿದೆ. ಎಣ್ಣೆ ಹೊಸದು. ಟೈರಿನ ಗಾಳಿ ಇಳಿಸು. ಅಡ್ಡೆ ನಾಲ್ಕು. ಅವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗು.